ಗ್ರಾಂಗೆ ಒಂದು ಮಿಲಿಗ್ರಾಂ: ಹುರಿಗಡಲೆ ಹಿಟ್ಟು, ಗಾಂಜಾ ತುಪ್ಪ ಮತ್ತು ಒಂದು ತಕ್ಕಡಿ

ಗಾಂಜಾ ತುಪ್ಪ ಕಾಯಿಸುವುದು ಯಾರಿಗಾದರೂ ಬರುತ್ತದೆ. ಹೂವು, ತುಪ್ಪ, ಸಣ್ಣ ಉರಿ, ಒಂದಿಷ್ಟು ತಾಳ್ಮೆ, ಅಷ್ಟೇ. ಆದರೆ ಮಾಡಿದ ಮೇಲೆ ಒಂದು ತುಂಡು ಕೈಗೆತ್ತಿಕೊಂಡು "ಇದರಲ್ಲಿ ಮತ್ತೇರಿಸುವ ಅಂಶ, ಅಂದರೆ ಟಿಎಚ್‌ಸಿ, 2 ಮಿಲಿಗ್ರಾಂ ಇದೆ" ಅಂತ ಹೇಳಿ ಅಂದರೆ ಎಲ್ಲರೂ ತಡವರಿಸುತ್ತಾರೆ. ಮನೆಯಲ್ಲಿ ಮಾಡಿದ್ದನ್ನು ತಿಂದು ರಾತ್ರಿಯಿಡೀ ಎದೆ ಹಿಡಿದುಕೊಂಡು ಕೂತವರ ಕಥೆಗಳೆಲ್ಲ ಹುಟ್ಟುವುದು ಇಲ್ಲೇ. ಹಾಗಾಗಿ ಇಲ್ಲಿ ಒಲೆಗಿಂತ ತಕ್ಕಡಿಯ ಮಾತೇ ಜಾಸ್ತಿ.

ನಾನಿರುವುದು ಕೆನಡಾದ ಒಂಟಾರಿಯೊದಲ್ಲಿ. ಇಲ್ಲಿ 2018ರ ಅಕ್ಟೋಬರ್ 17ರಿಂದ ದೊಡ್ಡವರಿಗೆ ಗಾಂಜಾ ಕಾನೂನುಬದ್ಧ. ತಿನ್ನುವ ರೂಪದಲ್ಲಿ ಮಾರುವುದಕ್ಕೆ ಸರಿಯಾಗಿ ಒಂದು ವರ್ಷದ ನಂತರ ನಿಯಮ ಬಂತು. 19 ತುಂಬಿದವರು ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಂಡು, ಮನೆಯಲ್ಲಿ ತಮಗೆ ಬೇಕಾದ ತಿಂಡಿ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ, ಬ್ಯೂಟೇನ್‌ನಂಥ ಬೆಂಕಿ ಹತ್ತುವ ದ್ರಾವಕಗಳಿಂದ ಸಾರ ತೆಗೆಯುವ ಹಾಗಿಲ್ಲ, ಗಡಿ ದಾಟಿಸುವ ಹಾಗಂತೂ ಇಲ್ಲವೇ ಇಲ್ಲ. ಊರಿಗೆ ಹೋಗುವಾಗ ಸೂಟ್‌ಕೇಸಿನ ಮೂಲೆಯಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಹೋದರೆ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಜೈಲಾಗುತ್ತೆ.

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೂ ಒಂದು ಮಾತು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ. ಅದರ ಜೊತೆಗಿಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಗೆ ಸೇರುವುದಿಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಎಲೆಯಿಂದ ಮಾಡುವ ಭಂಗಿ ಆ ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ ಹೇಳಿತು ಕೂಡ. ಆದರೆ ನಾನಿಲ್ಲಿ ಬಳಸುತ್ತಿರುವುದು ಹೂವು. ಅಲ್ಲಿ ಅದು ಅಪರಾಧವೇ. ಸುಮ್ನೆ ಓದಿ, ಮಾಡಬೇಡಿ.

ಅಂಗಡಿಯಲ್ಲೇ ಸಿಗುವಾಗ ಮನೆಯಲ್ಲಿ ಯಾಕೆ ಮಾಡಬೇಕು? ಇಲ್ಲಿ ಮಾರುವ ಗಾಂಜಾ ತಿಂಡಿಯ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂ ಟಿಎಚ್‌ಸಿಗಿಂತ ಹೆಚ್ಚು ಇರುವ ಹಾಗಿಲ್ಲ. ಆ 10 ಒಂದೇ ತುಂಡಿನಲ್ಲೂ ಇರಬಹುದು, ಎರಡರಲ್ಲಿ ಐದೈದಾಗಿಯೂ ಇರಬಹುದು. ನನಗೆ 5 ಜಾಸ್ತಿ. 2 ಸಾಕು. ಚೂರಿಯಲ್ಲಿ ಅಂಗಡಿಯ ಅಂಟಂಟು ಗಮ್ಮಿ, ಅಂದರೆ ಜೆಲ್ಲಿ ಮಿಠಾಯಿ, ಕತ್ತರಿಸಿಕೊಂಡು ಕೂರುವುದು ಬೇಸರ, ಅದೂ ಅಲ್ಲದೆ ಕೆಲವು ಗಮ್ಮಿಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ, ನಾವು ತಿನ್ನುವುದಿಲ್ಲ. ತುಪ್ಪದ ತಿಂಡಿ ನಮಗೆ ಬರುವ ವಿದ್ಯೆ, ಟಿಎಚ್‌ಸಿ ಕರಗುವುದೂ ಕೊಬ್ಬಿನಲ್ಲೇ. ಜೋಡಿ ತಾನಾಗಿ ಕೂಡಿಬಂತು.

ಯಾವ ತಿಂಡಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಬೇಕಾಯಿತು. ಮೈಸೂರು ಪಾಕ್ ಮನಸ್ಸಿಗೆ ಬಂತು, ಯಾರಿಗೆ ಬರುವುದಿಲ್ಲ ಹೇಳಿ. ಆದರೆ ಅದಕ್ಕೆ ತುಪ್ಪ ಹೊಗೆಯಾಡುವಷ್ಟು ಕಾಯಬೇಕು, ಆ ಕಾವಿಗೆ ಟಿಎಚ್‌ಸಿ ಕೆಡುತ್ತದೆ, ಒಂದಿಷ್ಟು ಆವಿಯಾಗಿಯೂ ಹೋಗುತ್ತದೆ, ಎಷ್ಟು ಉಳಿಯಿತು ಅಂತ ಲೆಕ್ಕ ಸಿಗುವುದಿಲ್ಲ. ಬೆಲ್ಲದ ಪಾಕದ ತಂಬಿಟ್ಟು ಇನ್ನೊಂದು ಯೋಚನೆ. ಪಾಕ ಬಿಸಿಯಿರುವಾಗಲೇ ಗಡಿಬಿಡಿಯಲ್ಲಿ ಕಲಸಿ ಉಂಡೆ ಕಟ್ಟಬೇಕು, ಸಮವಾಗಿ ಬೆರೆಸಲು ಸಮಯವೇ ಇಲ್ಲ. ಕೊನೆಗೆ ಉಳಿದದ್ದು ಹುರಿಗಡಲೆ ಹಿಟ್ಟು, ಸಕ್ಕರೆ ಪುಡಿ, ಕರಗಿದ ತುಪ್ಪ. ಒಲೆಯೇ ಬೇಡ, ಎಷ್ಟು ಹೊತ್ತು ಬೇಕಾದರೂ ಕಲಸುತ್ತಾ ಕೂರಬಹುದು. ಬೆಲ್ಲವಿಲ್ಲದ್ದು ಯಾವ ತಂಬಿಟ್ಟು ಅಂತ ಮೂಗು ಮುರಿಯುವವರು ಇದನ್ನು ಹುರಿಗಡಲೆ ಉಂಡೆ ಅಂತಲೇ ಕರೆಯಿರಿ, ನನಗೇನೂ ಬೇಜಾರಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೂವಿನ ಪೊಟ್ಟಣದ ಮೇಲೆ ಎರಡು ಅಂಕಿ ಇರುತ್ತವೆ. ನನ್ನದರಲ್ಲಿ ಟಿಎಚ್‌ಸಿ ಗ್ರಾಂಗೆ 6 ಮಿಲಿಗ್ರಾಂ, ಒಟ್ಟು ಟಿಎಚ್‌ಸಿ ಗ್ರಾಂಗೆ 172 ಮಿಲಿಗ್ರಾಂ ಅಂತಿತ್ತು. ಹಸಿ ಹೂವಿನಲ್ಲಿ ಬಹುಪಾಲು ಇರುವುದು ಟಿಎಚ್‌ಸಿ ಅಲ್ಲ, ಅದರ ಆಮ್ಲ ರೂಪ, ಟಿಎಚ್‌ಸಿಎ. ಅದನ್ನು ಹಾಗೇ ತಿಂದರೆ ಮತ್ತೇರುವುದಿಲ್ಲ. ಬಿಸಿ ಮಾಡಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಕಳಚಿಕೊಂಡು ಟಿಎಚ್‌ಸಿ ಆಗುತ್ತದೆ. ಕಳಚಿದ ಮೇಲೆ ತೂಕ ಇಳಿಯುತ್ತದಲ್ಲ, 1000 ಮಿಲಿಗ್ರಾಂ ಆಮ್ಲದಿಂದ 877 ಮಿಲಿಗ್ರಾಂ ಟಿಎಚ್‌ಸಿ ಬರುತ್ತದೆ. ಲೇಬಲ್ಲಿನ "ಒಟ್ಟು" ಅಂಕಿಯಲ್ಲಿ ಈ ಕಡಿತ ಆಗಲೇ ಸೇರಿಕೊಂಡಿದೆ, ನಾವು ಮತ್ತೊಮ್ಮೆ ಗುಣಿಸಬಾರದು. ಮೊದಲ ಅಂಕಿ 6 ನೋಡಿ "ಅಯ್ಯೋ ಇದರಲ್ಲೇನೂ ಇಲ್ಲ" ಅಂತ ಹಿಡಿಗಟ್ಟಲೆ ಹಾಕಿದರೆ ಕಥೆ ಮುಗಿದ ಹಾಗೆ.

ಅಳತೆಗೆ ನಾನು ಇಟ್ಟುಕೊಂಡ ನಿಯಮ ಒಂದೇ: ಒಂದು ಗ್ರಾಂ ತುಪ್ಪದಲ್ಲಿ ಒಂದು ಮಿಲಿಗ್ರಾಂ. ಹೀಗಿದ್ದರೆ ಮುಂದೆ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ಗ್ರಾಂಗೆ 172 ಇರುವ ಹೂವು ಒಂದು ಗ್ರಾಂ ಹಾಕಿದರೆ ತುಪ್ಪ 172 ಗ್ರಾಂ. ನನಗೆ ಅಷ್ಟು ತುಪ್ಪ ಮನೆಯಲ್ಲಿ ಇಟ್ಟುಕೊಳ್ಳುವ ಇಷ್ಟವಿರಲಿಲ್ಲ, ಅರ್ಧ ಮಾಡಿದೆ. ಹೂವು 0.50 ಗ್ರಾಂ, ತುಪ್ಪ 86 ಗ್ರಾಂ. ಕೊನೆಗೆ ಒಂದು ತುಂಡಿಗೆ ಎರಡು ಗ್ರಾಂ ಈ ತುಪ್ಪ ಹೋದರೆ ಅದರಲ್ಲಿ 2 ಮಿಲಿಗ್ರಾಂ. ಇದು ಗರಿಷ್ಠ ಲೆಕ್ಕ ಅನ್ನುವುದು ನೆನಪಿರಲಿ. ಓವನ್ನಿನಲ್ಲಿ ಸ್ವಲ್ಪ, ಚರಟದಲ್ಲಿ ಸ್ವಲ್ಪ ಅಂತ ನಷ್ಟ ಆಗೇ ಆಗುತ್ತದೆ, ನಿಜವಾದ ಪ್ರಮಾಣ ಇದಕ್ಕಿಂತ ಕಡಿಮೆಯೇ. ನಷ್ಟವನ್ನು ಊಹೆ ಮಾಡಿ ಹೂವು ಜಾಸ್ತಿ ಹಾಕುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಕಡಿಮೆ ಆದರೆ ಒಂದು ಸಂಜೆ ಸಪ್ಪೆಯಾಗುತ್ತದೆ, ಅಷ್ಟೇ ತಾನೇ?

ಅಡುಗೆಮನೆಯ ಸಾಮಾನ್ಯ ತಕ್ಕಡಿ ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಅದರ ಮೇಲೆ ಅರ್ಧ ಗ್ರಾಂ ಇಟ್ಟರೆ ಒಮ್ಮೆ ಸೊನ್ನೆ, ಒಮ್ಮೆ ಒಂದು. ಒಡವೆ ತೂಗುವಂಥ, 0.01 ಗ್ರಾಂವರೆಗೆ ತೋರಿಸುವ ಚಿಕ್ಕ ತಕ್ಕಡಿ ಬೇಕೇ ಬೇಕು, ಬೆಲೆಯೂ ಹೆಚ್ಚಿಲ್ಲ. ಸರಿಯಾಗಿ ತೂಗುತ್ತಿದೆಯಾ ಅಂತ ನೋಡಲು ಇಲ್ಲಿನ ನಾಣ್ಯಗಳೇ ಸಾಕು. ಈಗಿನ 25 ಸೆಂಟಿನದು 4.40 ಗ್ರಾಂ, 5 ಸೆಂಟಿನದು 3.95. ಹೊಸ ನಾಣ್ಯ ಇಟ್ಟು ನೋಡಿದೆ, ತಕ್ಕಡಿ ಪ್ರಾಮಾಣಿಕವಾಗಿತ್ತು.

ಹೂವನ್ನು ತೂಗುವ ಮೊದಲು ಒಂದು ಕೆಲಸ ಇದೆ. ಲೇಬಲ್ ಅಂಕಿ ಇಡೀ ಲಾಟಿನದು, ನಿಮ್ಮ ಕೈಯಲ್ಲಿರುವ ಒಂದು ಮೊಗ್ಗಿನದಲ್ಲ. ಒಂದು ಮೊಗ್ಗು ಸ್ವಲ್ಪ ಗಟ್ಟಿ, ಇನ್ನೊಂದು ಸಪ್ಪೆ ಇರುವುದು ಸಹಜ. ಅದಕ್ಕೇ ಪೊಟ್ಟಣದ ಮೂರೂವರೆ ಗ್ರಾಂ ಅಷ್ಟನ್ನೂ ಕೈಯಲ್ಲೇ ಸಣ್ಣಗೆ ಮುರಿದು, ಬಟ್ಟಲಲ್ಲಿ ಚೆನ್ನಾಗಿ ಕೈಯಾಡಿಸಿ, ಅದರಿಂದ ಅರ್ಧ ಗ್ರಾಂ ತೆಗೆದೆ. ಮಿಕ್ಸಿಗೆ ಹಾಕಬೇಡಿ. ಹಿಟ್ಟಾದರೆ ಬಟ್ಟೆಯಿಂದ ಎಲ್ಲ ತುಪ್ಪಕ್ಕಿಳಿದು ಕಹಿ, ಹಸಿರು, ಗಸಿ.

ಓವನ್ ನನ್ನನ್ನು ಚೆನ್ನಾಗಿ ಸತಾಯಿಸಿತು. 115 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ನಿಮಿಷ ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಗುಂಡಿಯನ್ನು 115ಕ್ಕೆ ತಿರುಗಿಸಿ, ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ಬೆಳಕು ಹಾಕಿಕೊಂಡು ನೋಡುತ್ತಾ ಕೂತರೆ ಮುಳ್ಳು ಮೇಲೆ ಕೆಳಗೆ ಓಡಾಡುತ್ತಲೇ ಇತ್ತು. ಕಾಯಿಲ್ ಹತ್ತಿದಾಗ 130ರ ಹತ್ತಿರ, ಆರಿದಾಗ ನೂರಕ್ಕೂ ಕೆಳಗೆ. ಕಾವು ಕಡಿಮೆಯಾದರೆ ಆಮ್ಲ ಪೂರ್ತಿ ಬದಲಾಗುವುದಿಲ್ಲ, ಜಾಸ್ತಿಯಾದರೆ ಆದ ಟಿಎಚ್‌ಸಿಯೂ ಕೆಡುತ್ತದೆ. ಪರಿಹಾರ ಮನೆಯಲ್ಲೇ ಇತ್ತು: ಕಬ್ಬಿಣದ ದೋಸೆ ಕಾವಲಿ. ಅದನ್ನು ಓವನ್ನಿನ ನಡು ತಟ್ಟೆಯ ಮೇಲಿಟ್ಟು ಮುಕ್ಕಾಲು ಗಂಟೆ ಕಾಯಿಸಿದೆ. ಅಷ್ಟು ದಪ್ಪ ಕಬ್ಬಿಣ ಒಮ್ಮೆ ಕಾದರೆ ಸುಲಭಕ್ಕೆ ತಣಿಯುವುದಿಲ್ಲ, ಕೆಳಗಿನ ಕಾಯಿಲಿನ ನೇರ ಝಳವನ್ನೂ ತಡೆಯುತ್ತದೆ. ಕಾವಲಿಯ ಮೇಲೆ ಥರ್ಮಾಮೀಟರ್ ಇಟ್ಟರೆ ಮುಳ್ಳು ಐದಾರು ಡಿಗ್ರಿಯೊಳಗೇ ಆಡುತ್ತಿತ್ತು. ಗುಂಡಿಯನ್ನು ಸ್ವಲ್ಪ ಹಿಂದೆ ತಿರುಗಿಸಿ 115ಕ್ಕೆ ತಂದುಕೊಂಡೆ.

ಹೂವನ್ನು ಚಿಕ್ಕ ಸ್ಟೀಲ್ ಡಬ್ಬಿಗೆ ಹಾಕಿ, ಬಾಯಿಗೆ ಎರಡು ಪದರ ಅಲ್ಯುಮಿನಿಯಂ ಹಾಳೆ ಬಿಗಿದು ಕಾವಲಿಯ ಮೇಲಿಟ್ಟೆ. ಹಾಳೆ ಬಿಗಿಯಾಗಿದ್ದರೆ ವಾಸನೆ ಕಡಿಮೆ. ಕಡಿಮೆ ಅಂದೆ, ಇಲ್ಲ ಅನ್ನಲಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೆಂಡತಿ ರೂಮಿನಿಂದ "ರೀ, ಪಕ್ಕದ ಮನೆಯವರು ಬಾಗಿಲು ಬಡೀತಾರೆ ನೋಡಿ, ಆ ಫ್ಯಾನ್ ಆದ್ರೂ ಹಾಕಿ" ಅಂದಳು. ಹಾಕಿದೆ. ಹೊರಗೆ ತೆಗೆದಾಗ ಹಸಿರು ಹೋಗಿ ತಿಳಿ ಕಂದು ಬಂದಿತ್ತು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಡಬ್ಬಿ ತಣ್ಣಗಾಗುವವರೆಗೆ ಹಾಳೆ ಬಿಚ್ಚಲಿಲ್ಲ.

ತುಪ್ಪದ ಕೆಲಸ ಸುಲಭ. ಬೆಣ್ಣೆಯ ಬದಲು ತುಪ್ಪ ಯಾಕೆ ಅಂದರೆ, ಬೆಣ್ಣೆಯಲ್ಲಿ ನೀರಿರುತ್ತದೆ, ಕಾಯಿಸುತ್ತಾ ಹೋದ ಹಾಗೆ ಅದು ಆರಿ ತೂಕ ಇಳಿಯುತ್ತದೆ, ಗ್ರಾಂಗೆ ಒಂದು ಅನ್ನುವ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ. ತುಪ್ಪದಲ್ಲಿ ಆ ರಗಳೆಯಿಲ್ಲ. 86 ಗ್ರಾಂ ತುಪ್ಪವನ್ನು ಸಣ್ಣ ಸ್ಟೀಲ್ ಪಾತ್ರೆಗೆ ತೂಗಿ, ಡಬ್ಬಿಯಲ್ಲಿದ್ದ ಹೂವಿನ ಪುಡಿಯನ್ನು ಒಂದು ಚೂರೂ ಬಿಡದೆ ಅದಕ್ಕೆ ಸುರಿದೆ. ಡಬ್ಬಿಯ ಗೋಡೆಗೆ ಅಂಟಿದ್ದನ್ನೂ ಅದೇ ತುಪ್ಪದಲ್ಲಿ ತೊಳೆದು ಹಾಕಿದೆ. ಆ ಪಾತ್ರೆಯನ್ನು ಕಾಯುವ ನೀರಿನ ಪಾತ್ರೆಯೊಳಗೆ ಇಟ್ಟೆ. ನೀರು ಕೊತಕೊತ ಕುದಿಯಬಾರದು, ತುಪ್ಪದ ಕಾವು 85ರಿಂದ 95ರೊಳಗೆ ನಿಂತರೆ ಚೆಂದ. ಎರಡೂವರೆ ಗಂಟೆ ಬಿಟ್ಟೆ, ಆಗಾಗ ಕೈಯಾಡಿಸಿದೆ. ಮುಚ್ಚಳ ಮುಚ್ಚಿದರೆ ಅದರಡಿಯ ಹನಿ ತುಪ್ಪಕ್ಕೆ ಬೀಳುತ್ತದೆ, ತುಪ್ಪಕ್ಕೆ ನೀರು ಸೇರಿದರೆ ಬೇಗ ಕೆಡುತ್ತದೆ. ಅದಕ್ಕೇ ತೆರೆದೇ ಇಟ್ಟೆ.

ಸೋಸುವಾಗ ಹಳೇ ಮಲ್ಲು ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಕಟ್ಟಿ, ತಾನಾಗಿ ಇಳಿಯಲು ಬಿಟ್ಟೆ. ಹಿಂಡಲಿಲ್ಲ. ಹಿಂಡಿದರೆ ನಾಲ್ಕು ಹನಿ ತುಪ್ಪ ಜಾಸ್ತಿ ಸಿಗುತ್ತದೆ, ಅದರ ಜೊತೆ ಸೊಪ್ಪಿನ ಕಹಿಯೂ. ಇಳಿದದ್ದು 79 ಗ್ರಾಂ. ಏಳು ಗ್ರಾಂ ಬಟ್ಟೆ, ಚರಟ, ಪಾತ್ರೆಗೆ ಹೋಯಿತು. ಇಲ್ಲಿ ಹಲವರಿಗೆ ಗೊಂದಲ ಆಗುತ್ತದೆ: ತುಪ್ಪ ಕಡಿಮೆಯಾಯಿತಲ್ಲ, ಮೇಲೆ ಏಳು ಗ್ರಾಂ ಸೇರಿಸಬೇಕಾ? ಬೇಡ. ಹೋದ ತುಪ್ಪ ತನ್ನ ಪಾಲಿನ ಟಿಎಚ್‌ಸಿಯನ್ನೂ ತೆಗೆದುಕೊಂಡೇ ಹೋಗಿದೆ. ಉಳಿದ ತುಪ್ಪದಲ್ಲಿ ಗ್ರಾಂಗೆ ಒಂದು ಅನ್ನುವುದು ಹಾಗೇ ಇದೆ. ಬಣ್ಣ ಮಾತ್ರ ತಿಳಿ ಹಸಿರು, ವಾಸನೆ ಒಣ ಹುಲ್ಲಿನದು.

ಬೆರೆಸುವುದು ಈ ಇಡೀ ಕೆಲಸದ ಜೀವ. 40 ಗ್ರಾಂ ಗಾಂಜಾ ತುಪ್ಪ 400 ಗ್ರಾಂ ಹಿಟ್ಟಿನ ಮಿಶ್ರಣದಲ್ಲಿ ಸಮವಾಗಿ ಹರಡಬೇಕು, ಇಲ್ಲದಿದ್ದರೆ ಒಂದು ತುಂಡಿನಲ್ಲಿ ಅರ್ಧ ಮಿಲಿಗ್ರಾಂ, ಪಕ್ಕದ್ದರಲ್ಲಿ ಆರು. ನನ್ನ ಕೈ ಎಷ್ಟು ಸಮವಾಗಿ ಬೆರೆಸುತ್ತದೆ ಅಂತ ತಿಳಿಯಲು ಮೊದಲು ಮಾಮೂಲಿ ತುಪ್ಪದಲ್ಲಿ ಪರೀಕ್ಷೆ ಮಾಡಿದೆ. ತುಪ್ಪಕ್ಕೆ ಚಿಟಿಕೆ ಅರಿಶಿನ ಹಾಕಿ ಬಿಸಿ ಮಾಡಿದರೆ ಬಣ್ಣ ತುಪ್ಪಕ್ಕೇ ಬಿಡುತ್ತದೆ. ಅದನ್ನು ಬಿಳೀ ಅಕ್ಕಿ ಹಿಟ್ಟಿಗೆ ಎರಡು ರೀತಿ ಬೆರೆಸಿದೆ. ಎಲ್ಲ ಹಿಟ್ಟನ್ನೂ ಒಟ್ಟಿಗೆ ಹಾಕಿ ಮೇಲೆ ತುಪ್ಪ ಸುರಿದು ಕಲಸಿದ್ದರಲ್ಲಿ, ಐದು ನಿಮಿಷ ನಾದಿದರೂ ಮುರಿದಾಗ ಒಳಗೆ ಹಳದಿ ಗೆರೆಗಳು, ಅಲ್ಲಲ್ಲಿ ಸಾಸಿವೆ ಗಾತ್ರದ ಬಿಳಿ ಗಂಟುಗಳು. ತುಪ್ಪಕ್ಕೆ ಸ್ವಲ್ಪ ಹಿಟ್ಟು, ಅದು ಒಂದೇ ಬಣ್ಣ ಬಂದ ಮೇಲೆ ಅಷ್ಟೇ ಹಿಟ್ಟು, ಮತ್ತೆ ಅದರಷ್ಟು, ಹೀಗೆ ದುಪ್ಪಟ್ಟು ಮಾಡುತ್ತಾ ಹೋದದ್ದರಲ್ಲಿ ಎಲ್ಲಿ ಮುರಿದರೂ ಒಂದೇ ಹಳದಿ. ಔಷಧಿ ಪುಡಿ ಬೆರೆಸುವವರ ಹಳೇ ವಿಧಾನ ಇದು. ಒಂದು ಹಿಡಿ ಅಕ್ಕಿ ಹಿಟ್ಟು ದಂಡ ಆಯಿತು ನಿಜ, ಆದರೆ ಕಣ್ಣಾರೆ ನೋಡಿದ ಮೇಲೆ ಧೈರ್ಯ ಬಂತು.

ನಿಜವಾದ ಕಲಸು ಹೀಗೆ. ಗಾಂಜಾ ತುಪ್ಪ 40 ಗ್ರಾಂ, ಮಾಮೂಲಿ ತುಪ್ಪ 60 ಗ್ರಾಂ. ಎರಡನ್ನೂ ಬೆಚ್ಚಗೆ ಕರಗಿಸಿ ಮೊದಲು ಅವೆರಡೇ ಚೆನ್ನಾಗಿ ಬೆರೆಯಲು ಬಿಟ್ಟೆ. ಅದಕ್ಕೆ ಜರಡಿ ಹಿಡಿದ ಸಕ್ಕರೆ ಪುಡಿ 110 ಗ್ರಾಂ ಹಾಕಿ ನುಣ್ಣಗೆ ಕ್ರೀಮಿನ ಹಾಗೆ ಆಗುವವರೆಗೆ ತಿರುವಿದೆ. ಆಮೇಲೆ ಹುರಿಗಡಲೆ ಹಿಟ್ಟು 180 ಗ್ರಾಂ, ಅದನ್ನೂ ಜರಡಿ ಹಿಡಿದು, ಮೂರು ಸಲಕ್ಕೆ. ಕೊನೆಗೆ ಕೊಬ್ಬರಿ ತುರಿ, ಏಲಕ್ಕಿ ಎರಡೂ ಸೇರಿ 10 ಗ್ರಾಂ. ಏಲಕ್ಕಿಯಲ್ಲಿ ಕೈ ಬಿಗಿ ಮಾಡಬೇಡಿ, ಹುಲ್ಲಿನ ವಾಸನೆಗೆ ಅದೇ ಮದ್ದು. ಒಟ್ಟು 400 ಗ್ರಾಂನಲ್ಲಿ 40 ಮಿಲಿಗ್ರಾಂ, 20 ಗ್ರಾಂ ತುಂಡಿನಲ್ಲಿ 2.

ಉಂಡೆ ಕಟ್ಟಲಿಲ್ಲ, ಬೇಕಂತಲೇ. ನಮ್ಮ ಮನೆಗಳಲ್ಲಿ ಉಂಡೆ ಅಂದರೆ ಯಾರು ಬೇಕಾದರೂ ಡಬ್ಬಿ ತೆಗೆದು ಬಾಯಿಗೆ ಹಾಕಿಕೊಳ್ಳುವ ವಸ್ತು. ಊರಿಂದ ಬಂದ ಅತ್ತೆ ಕಾಫಿ ಜೊತೆ ಎರಡು ತಿಂದು ಕೂತರೆ ಏನು ಗತಿ? ಅದಕ್ಕೇ ಚೌಕದ ಸಿಲಿಕೋನ್ ಅಚ್ಚು, ಅದೂ ಬೇರೆ ಯಾವ ತಿಂಡಿಗೂ ಬಳಸದ್ದು. ಪ್ರತಿ ಕುಳಿಗೂ ಮಿಶ್ರಣವನ್ನು 20 ಗ್ರಾಂ ತೂಗಿ ಒತ್ತಿದೆ. ಬಟ್ಟಲಿಗೆ, ಕೈಗೆ ಅಂಟಿದ್ದು ಕಳೆದು 19 ತುಂಡಾದವು. ಇಪ್ಪತ್ತನೆಯದಕ್ಕೆ ಉಳಿದಿದ್ದ ಚೂರನ್ನು ಕಸಕ್ಕೆ ಹಾಕಿದೆ, ಕಣ್ಣಂದಾಜಿನ ತುಂಡು ಡಬ್ಬಿಯಲ್ಲಿ ಇರಬಾರದು. ಫ್ರಿಜ್‌ನಲ್ಲಿ ಒಂದು ಗಂಟೆಯಲ್ಲಿ ಗಟ್ಟಿಯಾದವು.

ಆಮೇಲೆ ಒಂದೊಂದನ್ನೂ ಬೇಕಿಂಗ್ ಪೇಪರಿನಲ್ಲಿ ಸುತ್ತಿ, ಕೆಂಪು ಪೆನ್ನಿನಲ್ಲಿ "ಗಾಂಜಾ, 2 ಮಿ.ಗ್ರಾಂ" ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಬೀಗ ಇರುವ ಡಬ್ಬಿಯಲ್ಲಿ ಫ್ರೀಜರಿಗೆ ಇಟ್ಟೆ. ಉಳಿದ ತುಪ್ಪವೂ ಅದೇ ಬೀಗದೊಳಗೆ. ಮಕ್ಕಳಿರುವ ಮನೆಯಲ್ಲಿ ಇದು ವಿನಾಯಿತಿ ಇಲ್ಲದ ನಿಯಮ. ದೊಡ್ಡವರಿಗೆ ಗೊತ್ತೇ ಆಗದ ಪ್ರಮಾಣ ಚಿಕ್ಕ ಮಗುವನ್ನು ಆಸ್ಪತ್ರೆಗೆ ಸೇರಿಸಬಹುದು, ನಾಯಿಗೂ ಇದು ವಿಷವೇ. ಯಾರಾದರೂ ತಿಂದುಬಿಟ್ಟರೆ ಕೆನಡಾದ ವಿಷ ಸಲಹಾ ಕೇಂದ್ರದ ಸಂಖ್ಯೆ 1-844-764-7669, ಮಗು ಮಂಕಾಗಿದ್ದರೆ ಅಥವಾ ಉಸಿರಾಟ ಸರಿಯಿಲ್ಲದಿದ್ದರೆ ನೇರ 911. ಸಂಖ್ಯೆಯನ್ನು ಡಬ್ಬಿಯ ಮುಚ್ಚಳದ ಮೇಲೇ ಅಂಟಿಸಿದ್ದೇನೆ.

ರುಚಿ ನೋಡಿದ್ದು ಒಂದು ಶುಕ್ರವಾರ ರಾತ್ರಿ, ಊಟ ಆದ ಮೇಲೆ, ಅರ್ಧ ತುಂಡು. ಮರುದಿನ ಕಾರು ಓಡಿಸುವ ಕೆಲಸ ಇಟ್ಟುಕೊಂಡಿರಲಿಲ್ಲ. ಸೇದಿದರೆ ನಿಮಿಷಗಳಲ್ಲಿ ಗೊತ್ತಾಗುವುದು ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ, ಪೂರ್ತಿ ಏರಲು ನಾಲ್ಕು ಗಂಟೆ ಆಗಬಹುದು, ಇಳಿಯಲು ಹನ್ನೆರಡೂ ಆಗಬಹುದು. ಹೊಟ್ಟೆಯಿಂದ ಪಿತ್ತಜನಕಾಂಗಕ್ಕೆ ಹೋದಾಗ ಟಿಎಚ್‌ಸಿಯ ಒಂದು ಭಾಗ ಇನ್ನೂ ಜೋರಾದ ರೂಪಕ್ಕೆ ಬದಲಾಗುತ್ತದೆ, ತಿಂದದ್ದು ಹೆಚ್ಚು ಹೊತ್ತು ಕಾಡುವುದು ಅದಕ್ಕೇ. "ಒಂದು ಗಂಟೆ ಆಯ್ತು, ಏನೂ ಆಗಿಲ್ಲ, ಇನ್ನೊಂದು ಹಾಕೋಣ" ಅನ್ನುವ ಮಾತೇ ಎಲ್ಲ ಅನಾಹುತಗಳ ಮೂಲ. ಹೊಸಬರು 2.5 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡಿ ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಅರ್ಧ ತುಂಡಿಗೆ ನನಗೆ ಏನೂ ಅನ್ನಿಸಲಿಲ್ಲ. ಮುಂದಿನ ವಾರ ಒಂದು ಪೂರ್ತಿ ತುಂಡು ತಿಂದೆ, ಒಂದೂವರೆ ಗಂಟೆಯ ನಂತರ ಭುಜ ಸಡಿಲವಾದ ಹಾಗೆ, ಹಾಡಿನ ತಬಲಾ ಸ್ವಲ್ಪ ಹತ್ತಿರ ಬಂದ ಹಾಗೆ. ಅಷ್ಟೇ ಬೇಕಿತ್ತು. ಜೊತೆಗೆ ಬಿಯರ್ ಇಟ್ಟುಕೊಳ್ಳಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಮನೋರೋಗದ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ಬಸುರಿಯರು, ಹಾಲೂಡಿಸುವವರು, ಮನೆತನದಲ್ಲಿ ಸೈಕೋಸಿಸ್ (ಭ್ರಮೆ ಹುಟ್ಟಿಸುವ ಮನೋರೋಗ) ಇರುವವರು ಇದರ ಸುದ್ದಿಗೇ ಹೋಗಬೇಡಿ.

ಓವನ್, ವಾಸನೆ, ಸೋಸುವುದು ಯಾವುದೂ ಬೇಡ ಅನ್ನುವವರಿಗೆ ಅಂಗಡಿಯಲ್ಲಿ ಗಾಂಜಾ ಎಣ್ಣೆಯ ಬಾಟಲಿ ಸಿಗುತ್ತದೆ. ಅದನ್ನು ಆಗಲೇ ಬಿಸಿ ಮಾಡಿ ಬದಲಿಸಿರುತ್ತಾರೆ, ಶಕ್ತಿ ಲೇಬಲ್ಲಿನಲ್ಲೇ ಇರುತ್ತದೆ, ಲೆಕ್ಕವೂ ನನ್ನ ತುಪ್ಪಕ್ಕಿಂತ ಕರಾರುವಾಕ್ಕು. ಗ್ರಾಂಗೆ 25 ಮಿಲಿಗ್ರಾಂ ಇರುವ ಎಣ್ಣೆಯಾದರೆ 1.6 ಗ್ರಾಂ ತೂಗಿ 98 ಗ್ರಾಂ ಮಾಮೂಲಿ ತುಪ್ಪಕ್ಕೆ ಬೆರೆಸಿ, ಮುಂದಿನದು ಅದೇ ಕಲಸು. ಒಂದು ಎಚ್ಚರಿಕೆ, ಕೆಲವು ಬಾಟಲಿಗಳ ಮೇಲೆ ಗ್ರಾಂ ಲೆಕ್ಕ ಇದ್ದರೆ ಕೆಲವುದರ ಮೇಲೆ ಮಿಲಿಲೀಟರ್ ಲೆಕ್ಕ. ಎಣ್ಣೆ ನೀರಿಗಿಂತ ಹಗುರ, ಎರಡೂ ಒಂದೇ ಅಲ್ಲ. ಗ್ರಾಂ ಅಂತಿದ್ದರೆ ತಕ್ಕಡಿ, ಮಿಲಿಲೀಟರ್ ಅಂತಿದ್ದರೆ ಜೊತೆಗೆ ಕೊಡುವ ಸಿರಿಂಜು.